ಗಡಿಯಾರ ಕುದಿಸಿದವನು, ಹಾಳೆ ಸುಟ್ಟವಳು

(ಓದುಗರ ಬಳಗವೊಂದರ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಅವತ್ತು ನಾಲಿಗೆ ತುದಿಯಲ್ಲೇ ಉಳಿದುಹೋದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಇಲ್ಲಿಗೆ ಕರೆದವರು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರು. "ಸಾಹಸ ಪ್ರವಾಸದ ಪುಸ್ತಕಗಳನ್ನು ಓದಬೇಕು ಅಂತಿದ್ದೇವೆ. ಹಳೆಯ ಕ್ಲಾಸಿಕ್‌ಗಳನ್ನು ಓದೋದಾ, ಈಗಿನವನ್ನಾ?" ಎರಡೂ ಓದಿ ಅಂತ ಹೇಳಿ ಫೋನ್ ಇಡಬಹುದಿತ್ತು. ಆದರೆ ಅದು ಉತ್ತರ ಅಲ್ಲ, ಜಾರಿಕೊಳ್ಳೋ ದಾರಿ. ನಮಗೆಲ್ಲ ಓದೋಕೆ ಸಿಗೋ ಹೊತ್ತೇ ಕಮ್ಮಿ. ಒಂದನ್ನು ಕೈಗೆತ್ತಿಕೊಂಡರೆ ಇನ್ನೊಂದು ಕಪಾಟಿನಲ್ಲೇ ಉಳಿಯುತ್ತೆ. ಹಾಗಾಗಿ ನಾನು ಹೇಗೆ ಆರಿಸುತ್ತೇನೆ ಅನ್ನೋದನ್ನು ಹೇಳುತ್ತೇನೆ. ಒಪ್ಪದಿದ್ದರೆ ಕೊನೆಯಲ್ಲಿ ಜಗಳ ಆಡೋಣ.

ತುಂಬಾ ವರ್ಷ ನಾನು ಹಳೆಯ ಪುಸ್ತಕಗಳ ಪಕ್ಷ. ಹಿಂದಿನವರು ನಿಜಕ್ಕೂ ಹೋಗಿಬಂದರು, ಈಗಿನವರು ಪುಸ್ತಕ ಬರೆಯೋಕೆ ಅಂತಲೇ ಹೋಗುತ್ತಾರೆ ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಈ ಹುಚ್ಚು ಹಿಡಿದದ್ದು ಒಂದು ಜ್ವರದಲ್ಲಿ. ಚಳಿ ಹತ್ತಿ ಎರಡು ಹೊದಿಕೆ ಹೊದ್ದು ಮಲಗಿದ್ದೆ. ತಲೆದಿಂಬಿನ ಪಕ್ಕ ಆಪ್ಸ್ಲೀ ಚೆರಿ-ಗ್ಯಾರಾರ್ಡ್ 1922ರಲ್ಲಿ ಪ್ರಕಟಿಸಿದ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್' ಇತ್ತು. ಚಳಿಜ್ವರದಲ್ಲಿ ಓದೋ ಪುಸ್ತಕವಾ ಅದು!

ಕಥೆ ಇಷ್ಟು. 1911ರ ಜೂನ್ ಕೊನೆ. ಅಂಟಾರ್ಕ್ಟಿಕಾದಲ್ಲಿ ಆಗ ನಡುಚಳಿಗಾಲ, ಇಡೀ ದಿನ ಕತ್ತಲು. ದಕ್ಷಿಣ ಧ್ರುವ ಮುಟ್ಟೋಕೆ ಬಂದಿದ್ದ ಬ್ರಿಟನ್ನಿನ ಸ್ಕಾಟ್ ತಂಡದ ಮೂವರು, ಅವರಲ್ಲಿ ಈ ಚೆರಿಯೂ ಒಬ್ಬ, ಸ್ಲೆಡ್ಜ್ ಎಳೆದುಕೊಂಡು ಸುಮಾರು 100 ಕಿಲೋಮೀಟರ್ ದೂರದ ಪೆಂಗ್ವಿನ್ ನೆಲೆಗೆ ಹೊರಡುತ್ತಾರೆ. ಯಾತಕ್ಕೆ? ಎಂಪರರ್ ಪೆಂಗ್ವಿನ್ನಿನ ಮೊಟ್ಟೆ ತರೋಕೆ. ಮೊಟ್ಟೆಯೊಳಗಿನ ಮರಿ ನೋಡಿದರೆ ಹಕ್ಕಿಗಳಿಗೂ ಸರೀಸೃಪಗಳಿಗೂ ಇರೋ ನಂಟು ತಿಳಿಯಬಹುದು ಅನ್ನೋ ಆಸೆ. ಸೊನ್ನೆಗಿಂತ 60 ಡಿಗ್ರಿ ಕೆಳಗಿನ ಚಳಿ. ಒಂದು ಬೆಳಗ್ಗೆ ಚೆರಿ ಟೆಂಟಿನಿಂದ ಹೊರಗೆ ಬಂದು, ಸುತ್ತ ನೋಡೋಣ ಅಂತ ತಲೆ ಎತ್ತುತ್ತಾನೆ. ಇಳಿಸೋಕೆ ಆಗೋದಿಲ್ಲ. ಹದಿನೈದು ಸೆಕೆಂಡಿನಲ್ಲಿ ಬಟ್ಟೆ ಹಲಗೆಯ ಹಾಗೆ ಹೆಪ್ಪುಗಟ್ಟಿದೆ. ಆಮೇಲೆ ನಾಲ್ಕು ಗಂಟೆ ಹೊತ್ತು, ತಲೆ ಮೇಲೆತ್ತಿಕೊಂಡೇ ಸ್ಲೆಡ್ಜ್ ಎಳೆಯುತ್ತಾನೆ. ಅವತ್ತಿನಿಂದ ಹೊರಡೋ ಮುಂಚೆ ಎಲ್ಲರೂ ಬಗ್ಗಿ ನಿಂತುಕೊಳ್ಳುತ್ತಿದ್ದರಂತೆ, ಎಳೆಯೋ ಭಂಗಿಯಲ್ಲೇ ಬಟ್ಟೆ ಗಟ್ಟಿಯಾಗಲಿ ಅಂತ.

ಐದು ವಾರ ಒದ್ದಾಡಿ ಮೂರು ಮೊಟ್ಟೆ ತಂದರು. ಲಂಡನ್ನಿನ ಮ್ಯೂಸಿಯಂಗೆ ಅವನ್ನು ಒಪ್ಪಿಸೋಕೆ ಹೋದಾಗ ಅಲ್ಲಿನ ಸಿಬ್ಬಂದಿ ತರಕಾರಿ ಇಳಿಸಿಕೊಂಡ ಹಾಗೆ ಇಳಿಸಿಕೊಂಡರು. ಚೆರಿ ಒಂದು ರಸೀದಿಗಾಗಿ ಹೊರಗೆ ಕಾಯುತ್ತಾ ಕೂತ. ಅಷ್ಟೊತ್ತಿಗೆ ಅವನ ಜೊತೆ ಮೊಟ್ಟೆ ತಂದಿದ್ದ ವಿಲ್ಸನ್, ಬೋವರ್ಸ್ ಇಬ್ಬರೂ ಇರಲಿಲ್ಲ. ದಕ್ಷಿಣ ಧ್ರುವದಿಂದ ಹಿಂತಿರುಗುವಾಗ ಸ್ಕಾಟ್ ಜೊತೆ ಸತ್ತುಹೋಗಿದ್ದರು.

ಇದನ್ನು ಓದಿದ ಮೇಲೆ ಈಗಿನ ಪುಸ್ತಕಗಳು ಸಪ್ಪೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇದೆಯಾ? ಈಗ ಜೇಬಿನಲ್ಲಿ ಜಿಪಿಎಸ್ ಇರುತ್ತೆ. ತೀರಾ ಕಷ್ಟ ಬಂದರೆ ಒಂದು ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಹೋಗುತ್ತೆ. ಅಪಾಯ ಇಲ್ಲ ಅಂತಲ್ಲ. ಆದರೆ ಅದನ್ನು ಹುಡುಕಿಕೊಂಡು ಹೋಗಬೇಕು. ಆ ಕಾಲದಲ್ಲಿ ಅದು ಟಿಕೆಟ್ಟಿನ ಜೊತೆಗೇ ಬರುತ್ತಿತ್ತು.

ನನ್ನ ಈ ಜಂಬ ಇಳಿಸಿದ್ದು ಒಂದು ಬೆಟ್ಟ. ಈ ಭಾಗದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಹೇಳಬೇಕಾದ್ದೆಲ್ಲ ಇದರೊಳಗೇ ಇದೆ.

1950ರ ಜೂನ್ 3. ಫ್ರಾನ್ಸಿನ ಮೊರೀಸ್ ಎರ್ಜೋಗ್ ಮತ್ತು ಲೂಯಿ ಲಾಶೆನಾಲ್ ಅನ್ನಪೂರ್ಣಾದ ತುದಿ ಮುಟ್ಟಿದರು. 8091 ಮೀಟರ್. 8000 ಮೀಟರ್ ದಾಟಿದ ಬೆಟ್ಟವೊಂದನ್ನು ಮನುಷ್ಯ ಏರಿದ್ದು ಅದೇ ಮೊದಲು. ಇಳಿಯುವಾಗ ಎರ್ಜೋಗ್ ಏನನ್ನೋ ತೆಗೆಯೋಕೆ ಚೀಲ ಬಿಚ್ಚಿದ. ಕೈಗವಸು ಎರಡೂ ಜಾರಿ ಕೆಳಗೆ ಉರುಳಿದವು. ನೋಡುತ್ತಾ ನಿಂತ. ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ ಇತ್ತು. ಅದನ್ನು ಕೈಗೆ ಹಾಕಿಕೊಳ್ಳಬಹುದು ಅಂತ ಹೊಳೆಯಲೇ ಇಲ್ಲ. ಕೈಬೆರಳು ಹೆಚ್ಚುಕಮ್ಮಿ ಎಲ್ಲವೂ, ಕಾಲ್ಬೆರಳು ಅಷ್ಟೂ ಹೋದವು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅವನು ಬಾಯಲ್ಲಿ ಹೇಳಿ ಬರೆಸಿದ ಪುಸ್ತಕ 1951ರಲ್ಲಿ ಬಂತು. ಲಕ್ಷಾಂತರ ಪ್ರತಿ ಮಾರಾಟ ಆಯ್ತು. ಅದನ್ನು ಓದಿ ಬೆಟ್ಟದ ಹುಚ್ಚು ಹಿಡಿಸಿಕೊಂಡವರಿಗೆ ಲೆಕ್ಕವಿಲ್ಲ.

ಆ ಪುಸ್ತಕದಲ್ಲಿ ಒಂದು ಗಳಿಗೆ ಬರುತ್ತೆ. ತುದಿ ಇನ್ನೂ ದೂರ ಇದೆ. ಲಾಶೆನಾಲ್‌ನ ಪಾದ ಮರಗಟ್ಟುತ್ತಿದೆ. ಅವನು ನಿಂತು ಕೇಳುತ್ತಾನೆ, ನಾನು ವಾಪಸ್ ಹೋದರೆ ನೀನೇನು ಮಾಡುತ್ತೀಯ? ಒಬ್ಬನೇ ಮುಂದೆ ಹೋಗುತ್ತೇನೆ ಅಂತಾನೆ ಎರ್ಜೋಗ್. ಹಾಗಾದರೆ ನಾನೂ ಬರುತ್ತೇನೆ ಅಂತಾನೆ ಲಾಶೆನಾಲ್. ಓದುವಾಗ ಮೈ ಜುಮ್ ಅನ್ನುತ್ತೆ. ಗೆಳೆಯರ ಒಗ್ಗಟ್ಟು, ದೇಶಕ್ಕಾಗಿ ಒಂದೇ ಮನಸ್ಸು ಅನ್ನಿಸುತ್ತೆ.

ಈಗ ಇನ್ನೊಂದು ಬದಿ ನೋಡಿ. ಹೊರಡೋ ಮುಂಚೆಯೇ ತಂಡದವರಿಂದ ಒಂದು ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಐದು ವರ್ಷ ಎರ್ಜೋಗ್ ಬಿಟ್ಟು ಬೇರೆ ಯಾರೂ ಈ ಯಾತ್ರೆಯ ಬಗ್ಗೆ ಏನೂ ಪ್ರಕಟಿಸಬಾರದು. ಆ ಐದು ವರ್ಷ ಮುಗಿದ ಹೊತ್ತಿಗೇ, 1955ರಲ್ಲಿ, ಲಾಶೆನಾಲ್ ಹಿಮದ ಬಿರುಕಿಗೆ ಬಿದ್ದು ಸತ್ತ. ಅವನ ದಿನಚರಿಯನ್ನು ಮುಂದಿನ ವರ್ಷ ಪುಸ್ತಕ ಮಾಡಿದರು. ತಿದ್ದಿ ಕೊಟ್ಟವರು ಯಾರು ಗೊತ್ತಾ? ಎರ್ಜೋಗ್‌ನ ಸ್ವಂತ ತಮ್ಮ. ಇರಿಸುಮುರಿಸಿನ ಸಾಲುಗಳೆಲ್ಲ ಮಾಯ. ಪೂರ್ತಿ ಪಾಠ ಹೊರಬಂದದ್ದು 1996ರಲ್ಲಿ.

ಅದರಲ್ಲಿ ಅದೇ ಗಳಿಗೆ ಇದೆ. ಲಾಶೆನಾಲ್ ಲೆಕ್ಕ ಹಾಕಿದ್ದು ಬೇರೆ. ಇವನು ಒಬ್ಬನೇ ಹೋದರೆ ತಿರುಗಿ ಬರೋದಿಲ್ಲ. ಹಾಗಾಗಿ ನಾನು ಹೋಗಬೇಕು. ದೇಶದ ಮಾನಕ್ಕೂ ಇದಕ್ಕೂ ಸಂಬಂಧ ಇಲ್ಲ, ಒಂದೇ ಹಗ್ಗ ಕಟ್ಟಿಕೊಂಡವರ ನಡುವಿನ ವಿಷಯ ಇದು. ಅವನು ಬೆಟ್ಟ ತೋರಿಸಿ ಹೊಟ್ಟೆ ಹೊರೆಯುತ್ತಿದ್ದ ಗೈಡು. ಕಾಲು ಹೋದರೆ ಕೆಲಸ ಹೋಯ್ತು ಅಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೋದ. ಕಾಲ್ಬೆರಳು ಅಷ್ಟೂ ಕಳೆದುಕೊಂಡ.

ನನಗೆ ಕೇಳಿದರೆ ಎರಡನೆಯದೇ ದೊಡ್ಡ ಕಥೆ. ಅದನ್ನು ಓದೋಕೆ ಜಗತ್ತು 45 ವರ್ಷ ಕಾಯಬೇಕಾಯ್ತು.

ಇನ್ನೂ ಒಬ್ಬರ ಮಾತು ಬಾಕಿ ಇದೆ. ಆ ತಂಡದ ಶೆರ್ಪಾ ಮುಖ್ಯಸ್ಥ ಆಂಗ್ ತಾರ್ಕೆ. ಕೊನೆಯ ಶಿಬಿರದಿಂದ ತುದಿಗೆ ನೀವೂ ಬನ್ನಿ ಅಂತ ಎರ್ಜೋಗ್ ಕರೆದಾಗ, ಕಾಲು ಹೆಪ್ಪುಗಟ್ಟೋಕೆ ಶುರುವಾಗಿದೆ, ನಾನು ಇಳಿಯುತ್ತೇನೆ ಅಂದವರು. ಸಾಹಸದ ಪುಸ್ತಕಗಳಲ್ಲಿ ಇಂಥ ಜಾಣತನಕ್ಕೆ ಅರ್ಧ ಪುಟವೂ ಸಿಗೋದಿಲ್ಲ ನೋಡಿ. ಆಮೇಲೆ ಆ ಇಬ್ಬರನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದು ಶೆರ್ಪಾಗಳೇ. ಆಂಗ್ ತಾರ್ಕೆಯವರ ಆತ್ಮಕಥೆ 1954ರಲ್ಲೇ ಫ್ರೆಂಚಿನಲ್ಲಿ ಬಂದಿತ್ತು. ಇಂಗ್ಲಿಷಿಗೆ ಬಂದದ್ದು 2016ರಲ್ಲಿ.

ಇದಕ್ಕೆ ಎದುರಾಗಿ ಜಾನ್ ಕ್ರಾಕೌರ್ ಬರೆದ 'ಇನ್‌ಟು ಥಿನ್ ಏರ್' ಇಡಿ. 1996ರ ಮೇ 10ರಂದು ಎವರೆಸ್ಟ್ ಮೇಲೆ ಬಿರುಗಾಳಿ ಎದ್ದಿತು. ಎಂಟು ಜನ ಸತ್ತರು. ಪತ್ರಿಕೆಯೊಂದಕ್ಕೆ ಬರೆಯೋಕೆ ಹೋಗಿದ್ದ ಕ್ರಾಕೌರ್ ಬದುಕಿ ಬಂದು ಲೇಖನ ಬರೆದ. ಅದರಲ್ಲಿ ಒಂದು ದೊಡ್ಡ ತಪ್ಪಿತ್ತು. ಗೈಡ್ ಒಬ್ಬ ಶಿಬಿರದ ಹತ್ತಿರ ಬಂದದ್ದನ್ನು ಕಣ್ಣಾರೆ ಕಂಡೆ, ಆಮೇಲೆ ಎಲ್ಲೋ ಜಾರಿ ಬಿದ್ದಿರಬೇಕು ಅಂತ ಬರೆದಿದ್ದ. ಆಮೇಲೆ ಗೊತ್ತಾಯ್ತು, ಕಂಡದ್ದು ಬೇರೆಯವರನ್ನು. ಆ ಗೈಡ್ ಮೇಲೆಯೇ ಉಳಿದುಬಿಟ್ಟಿದ್ದ. 1997ರ ಪುಸ್ತಕದಲ್ಲಿ ಕ್ರಾಕೌರ್ ಈ ತಪ್ಪನ್ನು ಮುಚ್ಚಿಡೋದಿಲ್ಲ. ಆ ಎತ್ತರದಲ್ಲಿ, ಆಮ್ಲಜನಕ ಇಲ್ಲದ ತಲೆಯಲ್ಲಿ, ತನ್ನ ಕಣ್ಣನ್ನೇ ನಂಬೋ ಹಾಗಿಲ್ಲ ಅಂತ ಬಿಚ್ಚಿ ಹೇಳುತ್ತಾನೆ. ಅದೇ ಪುಸ್ತಕದಲ್ಲಿ ಇನ್ನೊಬ್ಬ ಗೈಡ್ ಅನಾತೊಲಿ ಬೂಕ್ರಿಯೇವ್ ಮೇಲೆ ಟೀಕೆ ಇದೆ. ಬೂಕ್ರಿಯೇವ್ ಅದೇ ವರ್ಷ ತನ್ನದೇ ಪುಸ್ತಕ ತಂದು ಉತ್ತರ ಕೊಟ್ಟ.

ಅಲ್ಲಿ ಎರಡನೇ ದನಿ ಕೇಳೋಕೆ 45 ವರ್ಷ. ಇಲ್ಲಿ ಅದೇ ವರ್ಷ. ಹಳೆಯ ಪುಸ್ತಕಕ್ಕೂ ಹೊಸದಕ್ಕೂ ನಾನು ಕಾಣೋ ದೊಡ್ಡ ಫರಕು ಇದು. ಭಾಷೆಯದ್ದಲ್ಲ, ಧೈರ್ಯದ್ದೂ ಅಲ್ಲ. ಹಿಂದೆ ಹೋಗಿಬಂದವನು ಹೇಳಿದ್ದೇ ಕಥೆ, ಎದುರು ಮಾತಾಡೋರೇ ಇರಲಿಲ್ಲ. ಈಗ ಜೊತೆಗೆ ಹೋದವರು ಬರೆಯುತ್ತಾರೆ, ದಾರಿಯಲ್ಲಿ ಸಿಕ್ಕವರೂ ಬರೆಯುತ್ತಾರೆ.

ಸುಳ್ಳಿನ ಮಾತು ಬಂತು, ನಮ್ಮ ಕನ್ನಡದವರ ಒಂದು ಪ್ರೀತಿಯ ಪುಸ್ತಕದ ಬಗ್ಗೆ ಹೇಳಲೇಬೇಕು. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ 'ಮಹಾಪಲಾಯನ' ಓದದವರು ಇಲ್ಲಿ ಎಷ್ಟು ಜನ ಇದ್ದೀರಿ? (ಎರಡೇ ಕೈ ಎದ್ದವು.) ಮೂಲ ಪುಸ್ತಕ 1956ರದ್ದು, ಪೋಲೆಂಡಿನ ಸ್ಲಾವೊಮಿರ್ ರಾವಿಚ್ ಹೆಸರಿನಲ್ಲಿ ಬಂದದ್ದು. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಹಿಮಾಲಯ ಎಲ್ಲ ದಾಟಿ ಭಾರತದವರೆಗೆ ನಡೆದ ಕಥೆ. 2006ರಲ್ಲಿ ಬಿಬಿಸಿ ರೇಡಿಯೋದವರು ಹಳೆಯ ಸೋವಿಯತ್ ದಾಖಲೆ ಹುಡುಕಿ ತೆಗೆದರು. ರಾವಿಚ್ ತಪ್ಪಿಸಿಕೊಂಡಿರಲಿಲ್ಲ, ಪೋಲೆಂಡಿನ ಕೈದಿಗಳಿಗೆ ಸಿಕ್ಕ ಕ್ಷಮೆಯಲ್ಲಿ 1942ರಲ್ಲಿ ಬಿಡುಗಡೆಯಾಗಿದ್ದ ಅಂತ ಅದರಲ್ಲಿತ್ತು.

ಇದು ಗೊತ್ತಾದ ದಿನ ನನಗೆ ಒಂಥರಾ ಮೋಸ ಹೋದ ಹಾಗಾಯ್ತು. ಪುಸ್ತಕ ಎಸೆದೆನಾ? ಇಲ್ಲ. ಕಪಾಟಿನಲ್ಲಿ ಜಾಗ ಬದಲಾಯಿಸಿದೆ. ಪ್ರವಾಸದ ಸಾಲಿನಿಂದ ತೆಗೆದು ಕಾದಂಬರಿಗಳ ಸಾಲಿಗೆ ಇಟ್ಟೆ. ಅಲ್ಲಿ ಅದು ಆರಾಮಾಗಿದೆ.

ಹಾಗೆ ನೋಡಿದರೆ ಇದು ಹೊಸ ಕಾಯಿಲೆ ಏನಲ್ಲ. ಮಾರ್ಕೊ ಪೋಲೊ ತನ್ನ ಕಥೆ ಹೇಳಿ ಬರೆಸಿದ್ದು ಜಿನೋವಾದ ಜೈಲಿನಲ್ಲಿ, ಜೊತೆಗಿದ್ದ ರುಸ್ತಿಚೆಲ್ಲೊ ಕೈಯಲ್ಲಿ. ಆತನ ಕಸುಬೇ ರಾಜಕುಮಾರರ, ವೀರರ ಕಥೆ ಬರೆಯೋದು. ಉಪ್ಪು ಖಾರ ಸ್ವಲ್ಪ ಜಾಸ್ತಿ ಆಗದೆ ಇರುತ್ತಾ?

ವಾದ ತಪ್ಪಾಗಿದ್ದೂ ಬದುಕುಳಿದ ಪುಸ್ತಕಗಳೂ ಇವೆ. 1947ರಲ್ಲಿ ಥೋರ್ ಹೆಯರ್ಡಾಲ್ ಐವರು ಸಂಗಡಿಗರ ಜೊತೆ ಬಾಲ್ಸಾ ಮರದ ತೆಪ್ಪದಲ್ಲಿ ಪೆರುವಿನಿಂದ ಹೊರಟ. 101 ದಿನ ತೇಲಿ ಪಾಲಿನೇಷ್ಯಾದ ಹವಳದ ದ್ವೀಪಕ್ಕೆ ಬಡಿದ. ಆ ದ್ವೀಪಗಳ ಜನ ದಕ್ಷಿಣ ಅಮೆರಿಕದಿಂದ ಹೀಗೇ ಬಂದವರು ಅಂತ ಸಾಧಿಸೋದು ಅವನ ಉದ್ದೇಶ. ಅವರು ಬಂದದ್ದು ಪಶ್ಚಿಮದಿಂದ, ಏಷ್ಯಾದ ಕಡೆಯಿಂದ, ಅಂತ ಭಾಷೆ, ವಂಶವಾಹಿ ಎರಡೂ ಹೇಳುತ್ತವೆ. ಆದರೂ 'ಕಾನ್-ಟಿಕಿ' ಓದಿ ನೋಡಿ. ಬೆಳಗ್ಗೆ ಎದ್ದರೆ ರಾತ್ರಿ ಹಾರಿ ಬಂದು ತೆಪ್ಪದ ಮೇಲೆ ಬಿದ್ದ ಮೀನು ಕಾದಿರುತ್ತೆ, ಅದೇ ತಿಂಡಿ. ಅಲ್ಲಿಗೆ ವಾದ ಪಕ್ಕಕ್ಕೆ ಹೋಯ್ತು.

ಹೊಸ ಪುಸ್ತಕಗಳ ಮೇಲೆ ಒಂದು ದೂರು ಯಾವಾಗಲೂ ಇದೆ. ಬರೆಯೋರು ದಾರಿ ಬಿಟ್ಟು ತಮ್ಮ ಮನಸ್ಸಿನ ಗೋಳನ್ನೇ ಬರೆಯುತ್ತಾರೆ ಅಂತ. ಇದರಲ್ಲಿ ಅರ್ಧ ನಿಜ ಇದೆ. ದುಃಖ ಆಯ್ತು, ನಡೆಯೋಕೆ ಹೋದೆ, ಸರಿ ಹೋದೆ ಅನ್ನೋ ಅಚ್ಚಿನಲ್ಲಿ ಎಷ್ಟೊಂದು ಪುಸ್ತಕ ಬಂದಿವೆ ಅಂದರೆ, ಬೆನ್ನುಪುಟ ಓದಿದರೆ ಸಾಕು, ಒಳಗೆ ಹೋಗೋದು ಬೇಡ ಅನ್ನಿಸುತ್ತೆ. ಆದರೆ ಆ ಅಚ್ಚಿನಲ್ಲೇ ಬಂದ ಶೆರಿಲ್ ಸ್ಟ್ರೇಡ್ ಅವರ 'ವೈಲ್ಡ್' ನನಗೆ ಇಷ್ಟ. ಅಮ್ಮನನ್ನು ಕಳೆದುಕೊಂಡ ಮೇಲೆ, 1995ರಲ್ಲಿ, ಅಮೆರಿಕದ ಪಶ್ಚಿಮದ ಬೆಟ್ಟಸಾಲಿನ ಹಾದಿಯಲ್ಲಿ 1,100 ಮೈಲಿ ಒಬ್ಬರೇ ನಡೆದರು. ಬರೆದದ್ದು 2012ರಲ್ಲಿ. ಚೀಲದ ಭಾರ ತಡೆಯೋಕಾಗದೆ, ಓದಿ ಮುಗಿಸಿದ ಹಾಳೆಗಳನ್ನು ರಾತ್ರಿ ಹರಿದು ಸುಡುತ್ತಾ ಹೋಗುತ್ತಾರೆ. ಪುಸ್ತಕ ಪ್ರೀತಿಸೋರಿಗೆ ಎದೆ ಚುರ್ ಅನ್ನುತ್ತೆ. ಆದರೆ ಭುಜ ನೊಂದವರಿಗೆ ಅದರ ಅರ್ಥ ಗೊತ್ತು. ಗೋಳಿನ ಮಧ್ಯೆ ಇಂಥ ಒಂದು ಹಾಳೆಯ ತೂಕ ಇದ್ದರೆ ಪುಸ್ತಕ ನಿಲ್ಲುತ್ತೆ.

ಇನ್ನು ಹಳಬರು ಒಳಗೆ ನೋಡಿಕೊಳ್ಳಲಿಲ್ಲ ಅನ್ನೋದು ಸುಮ್ನೆ ಮಾತು. ಚೆರಿ ಆ ಪುಸ್ತಕ ಬರೆಯೋಕೆ ಹತ್ತು ವರ್ಷ ಯಾಕೆ ತಗೊಂಡ? ಸ್ಕಾಟ್ ತಂಡಕ್ಕಾಗಿ ನಾಯಿಗಳ ಜೊತೆ ಆಹಾರದ ಕಣಜದವರೆಗೆ ಹೋಗಿ, ಕಾದು, ವಾಪಸ್ ಬಂದವನು ಅವನೇ. ಆಮೇಲೆ ಸ್ಕಾಟ್ ಟೆಂಟು ಸಿಕ್ಕಿದ್ದು ಆ ಜಾಗದಿಂದ 11 ಮೈಲಿ ಆಚೆ. ನಾನು ಇನ್ನೂ ಮುಂದೆ ಹೋಗಿದ್ದರೆ? ಈ ಪ್ರಶ್ನೆ ಅವನನ್ನು ಸಾಯುವವರೆಗೂ ಬಿಡಲಿಲ್ಲ. ಮೊಟ್ಟೆಯ ಕಥೆಯನ್ನು ನಗುನಗುತ್ತಾ ಹೇಳೋ ದನಿಯ ಕೆಳಗೆ ಆ ಪ್ರಶ್ನೆ ಇದೆ. ಜ್ವರದಲ್ಲಿ ಓದಿದಾಗ ನನಗೆ ಅದು ಕೇಳಿಸಿರಲಿಲ್ಲ.

ಹೀಗಾಗಿ ಈಗ ನಾನು ಒಂದನ್ನು ಆರಿಸೋದಿಲ್ಲ, ಜೋಡಿ ಆರಿಸುತ್ತೇನೆ. ಒಂದೇ ದಾರಿಯ, ಇಲ್ಲಾ ಒಂದೇ ಹಂಬಲದ, ಹಳೆಯದೊಂದು ಹೊಸದೊಂದು. ಎರಡೂ ಓದಿ ಅನ್ನೋ ಮಾತಿಗೇ ಬಂದೆಯಲ್ಲ ಅಂತ ನೀವು ನಗಬಹುದು. ಫರಕಿದೆ. ಇಪ್ಪತ್ತು ಬಿಡಿ ಪುಸ್ತಕಕ್ಕಿಂತ ಐದು ಜೋಡಿ ಮೇಲು ಅಂತ ನಾನು ಹೇಳೋದು.

ನನಗೆ ಅತಿ ಇಷ್ಟದ ಜೋಡಿ ಹಿಮಚಿರತೆಯದ್ದು. 1973ರಲ್ಲಿ ಪೀಟರ್ ಮ್ಯಾಥಿಸನ್, ಜೀವವಿಜ್ಞಾನಿ ಜಾರ್ಜ್ ಶಾಲರ್ ಜೊತೆ ನೇಪಾಳದ ಡೋಲ್ಪೋಗೆ ನಡೆದು ಹೋದರು. ಹೆಂಡತಿ ತೀರಿಕೊಂಡು ಎರಡು ವರ್ಷವೂ ಆಗಿರಲಿಲ್ಲ. ಎಂಟು ವರ್ಷದ ಮಗನನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. 1978ರಲ್ಲಿ ಬಂದ 'ದಿ ಸ್ನೋ ಲೆಪರ್ಡ್' ಪೂರ್ತಿ ಓದಿದರೂ ಅವರಿಗೆ ಚಿರತೆ ಕಾಣೋದಿಲ್ಲ. ಹೆಜ್ಜೆ ಗುರುತು ಕಾಣುತ್ತೆ, ಲದ್ದಿ ಕಾಣುತ್ತೆ, ಅಷ್ಟೇ. ಕಾಣದೇ ಇದ್ದದ್ದೂ ಒಳ್ಳೆಯದೇ ಅನ್ನೋ ಮನಸ್ಸಿಗೆ ಅವರು ಬರುತ್ತಾರೆ. ಮೊದಲ ಸಲ ನಾನು ತಲೆದೂಗಿದ್ದೆ. ಎರಡನೇ ಸಲ ಓದಿದಾಗ ಆ ಮಗನ ಕಾಗದದ ಹತ್ತಿರವೇ ನಿಂತುಬಿಟ್ಟೆ. ಅಪ್ಪ ಹಬ್ಬಕ್ಕೆ ಬರುತ್ತಾರೆ ಅಂತ ಕಾದಿದ್ದಾನೆ ಹುಡುಗ.

2019ರಲ್ಲಿ ಫ್ರಾನ್ಸಿನ ಸಿಲ್ವೇನ್ ಟೆಸ್ಸನ್, ಫೋಟೋಗ್ರಾಫರ್ ವೆನ್ಸಾನ್ ಮ್ಯುನಿಯೇ ಜೊತೆ ಟಿಬೆಟ್ಟಿಗೆ ಹೋಗಿ ಅದೇ ಪ್ರಾಣಿಗೆ ಕಾದ ಪುಸ್ತಕ ಬರೆದರು. ಇವರಿಗೆ ಚಿರತೆ ಕಾಣುತ್ತೆ. ಆದರೆ ನನಗೆ ಅದರಲ್ಲಿ ಹಿಡಿಸಿದ್ದು ಬೇರೆಯೇ. ಮ್ಯುನಿಯೇ ಹಿಂದೊಮ್ಮೆ ಬಂಡೆ ಮೇಲೆ ಕೂತ ಒಂದು ಡೇಗೆ ಹಕ್ಕಿಯ ಫೋಟೋ ತೆಗೆದಿದ್ದರು. ತಿಂಗಳುಗಳಾದ ಮೇಲೆ ಅದನ್ನು ಮತ್ತೆ ನೋಡುತ್ತಾರೆ. ಬಂಡೆಯ ಹಿಂದಿನಿಂದ ಒಂದು ಚಿರತೆ ನೇರವಾಗಿ ಕ್ಯಾಮರಾವನ್ನೇ ನೋಡುತ್ತಿದೆ. ಫೋಟೋ ತೆಗೆದವರಿಗೇ ಅದು ಕಂಡಿರಲಿಲ್ಲ. ಇದನ್ನು ಓದಿ ಪುಸ್ತಕ ಮುಚ್ಚಿ, ಮ್ಯಾಥಿಸನ್ ಪುಸ್ತಕ ಮತ್ತೆ ತೆರೆದೆ. ಆ ಚಳಿಗಾಲದಲ್ಲಿ ಎಷ್ಟು ಬಂಡೆಗಳ ಹಿಂದಿನಿಂದ ಎಷ್ಟು ಕಣ್ಣು ಅವರನ್ನು ನೋಡಿರಬಹುದು? ಹೊಸ ಪುಸ್ತಕವೊಂದು ಹಳೆಯದಕ್ಕೆ ಹೀಗೆ ಒಂದು ಪುಟ ಸೇರಿಸಿದ ಹಾಗಾಯ್ತು, ಅಲ್ವಾ?

ಅಂಗಡಿಯಲ್ಲೋ ಲೈಬ್ರರಿಯಲ್ಲೋ ನಿಂತು ಆರಿಸುವಾಗ ನಾನು ಮಾಡೋದು ಒಂದೇ ಪರೀಕ್ಷೆ. ಪುಸ್ತಕದ ನಡುಭಾಗ ತೆರೆಯುತ್ತೇನೆ. ಹೊರೆ ಹೊತ್ತವರು, ದಾರಿ ತೋರಿಸಿದವರು ಎಲ್ಲಿ ಬರುತ್ತಾರೆ ಅಂತ ಹುಡುಕುತ್ತೇನೆ. ಅವರಿಗೆ ಹೆಸರಿದೆಯಾ? ಅವರು ಮಾತಾಡುತ್ತಾರಾ? ಕೋಪ ಮಾಡಿಕೊಳ್ಳುತ್ತಾರಾ, ತಮಾಷೆ ಮಾಡುತ್ತಾರಾ? ಇದರಲ್ಲಿ ಹಳೆಯದು ಫೇಲು, ಹೊಸದು ಪಾಸು ಅಂತ ತಿಳಿಯಬೇಡಿ. ವಿಲ್ಫ್ರೆಡ್ ಥೆಸಿಜರ್ 1959ರಲ್ಲಿ ಬರೆದ 'ಅರೇಬಿಯನ್ ಸ್ಯಾಂಡ್ಸ್' ನೋಡಿ. ಮರುಭೂಮಿ ದಾಟಿಸಿದ ಬೆದುಯಿನ್ ಹುಡುಗರು ಬಿನ್ ಕಬೀನಾ, ಬಿನ್ ಗಬೈಶಾ ಆ ಪುಸ್ತಕದ ಜೀವ. ಇತ್ತೀಚಿನ ಎಷ್ಟೋ ಪುಸ್ತಕಗಳಲ್ಲಿ ಅಂಥವರು 'ನಮ್ಮ ಗೈಡ್' ಆಗಿ ಬಂದು 'ನಮ್ಮ ಗೈಡ್' ಆಗಿಯೇ ಹೋಗುತ್ತಾರೆ.

ಉಳಿದದ್ದು ಸಣ್ಣಪುಟ್ಟ ವಿಷಯ. ನಕ್ಷೆ ಇರೋ ಪ್ರತಿ ತಗೊಳ್ಳಿ. ಹಳೆಯ ಪುಸ್ತಕವಾದರೆ ಸಂಕ್ಷೇಪ ಮಾಡಿದ್ದಾ, ಪೂರ್ತಿಯಾ ನೋಡಿ. ಕತ್ತರಿಸುವವರು ಮೊದಲು ಕತ್ತರಿಸೋದು ಬೇಸರದ ದಿನಗಳನ್ನು, ಪ್ರವಾಸ ಅಂದರೆ ಮುಕ್ಕಾಲು ಅದೇ. ಕೃತಿಸ್ವಾಮ್ಯ ಮುಗಿದವು ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಜೋಡಿಗೀಡಿ ಎಲ್ಲ ಸರಿ. ನನ್ನ ಚೀಲದಲ್ಲಿ ಒಂದಕ್ಕೇ ಜಾಗ ಇರೋದು. ಯಾವುದು ಹೇಳಿ." ಎಲ್ಲರೂ ನಕ್ಕರು. ನಾನು ಸಿಕ್ಕಿಬಿದ್ದೆ.

ಜೋಶುವಾ ಸ್ಲೋಕಮ್ ಅಂದೆ. 1895ರಿಂದ 1898ರವರೆಗೆ 'ಸ್ಪ್ರೇ' ಅನ್ನೋ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿದವನು. ಹಾಗೆ ಸುತ್ತಿದವರಲ್ಲಿ ಮೊದಲಿಗ. ಈಜು ಬರುತ್ತಿರಲಿಲ್ಲ. 1900ರಲ್ಲಿ ಬಂದ ಅವನ ಪುಸ್ತಕ ತೆಳ್ಳಗಿದೆ, ಚೀಲಕ್ಕೆ ಭಾರ ಇಲ್ಲ.

"ಅದರಲ್ಲಿ ತಪ್ಪೇನೂ ಇಲ್ವಾ?" ಅಂತ ಮತ್ತೆ ಕೇಳಿದಳು. ಇದೆ. ದಕ್ಷಿಣ ಅಮೆರಿಕದ ತುದಿಯಲ್ಲಿ ರಾತ್ರಿ ಮಲಗೋ ಮುಂಚೆ ಅವನು ದೋಣಿಯ ಮೇಲೆಲ್ಲ ಮೊಳೆ ಚೆಲ್ಲುತ್ತಾನೆ. ಬರಿಗಾಲಲ್ಲಿ ಹತ್ತಿದ ಅಲ್ಲಿನ ಜನ ಕಿರುಚಿಕೊಂಡು ನೀರಿಗೆ ಹಾರುತ್ತಾರೆ. ಪುಸ್ತಕದಲ್ಲಿ ಅದು ನಗೆಯ ಪ್ರಸಂಗ. ನಾನೂ ನಕ್ಕಿದ್ದೇನೆ. ಆದರೆ ಅದೇ ವರ್ಷಗಳಲ್ಲಿ ಆ ಮೂಲಜನ ಹೊರಗಿನಿಂದ ಬಂದ ರೋಗಕ್ಕೂ ಬಂದೂಕಿಗೂ ಸಿಕ್ಕಿ ಕರಗಿಹೋಗುತ್ತಿದ್ದರು. ಅವರ ಕಡೆಯ ಮಾತು ಆ ಪುಸ್ತಕದಲ್ಲಿ ಇಲ್ಲ. ನನ್ನ ಪರೀಕ್ಷೆಯಲ್ಲಿ ಸ್ಲೋಕಮ್ ಅಲ್ಲಿ ಪಾಸಾಗೋದಿಲ್ಲ.

"ಮತ್ತೆ ಯಾಕೆ ಅವನೇ?"

ಗಡಿಯಾರಕ್ಕೋಸ್ಕರ ಅಂದೆ. ಸ್ಲೋಕಮ್ ಹತ್ತಿರ ಇದ್ದದ್ದು ಒಂದು ತಗಡಿನ ಗಡಿಯಾರ. ಒಂದೂವರೆ ಡಾಲರಿನದ್ದು, ಮುಖ ಒಡೆದಿದೆ ಅಂತ ಅಂಗಡಿಯವನು ಒಂದು ಡಾಲರಿಗೆ ಕೊಟ್ಟಿದ್ದ. ಅರ್ಧ ಭೂಮಿ ಸುತ್ತೋ ಹೊತ್ತಿಗೆ ಅದರ ನಿಮಿಷದ ಮುಳ್ಳು ಉದುರಿಹೋಯಿತು. ಅವನು ಗಡಿಯಾರವನ್ನು ನೀರಿಗೆ ಹಾಕಿ ಕುದಿಸಿದ. ಅದು ಮತ್ತೆ ಓಡಿತು, ಬರೀ ಗಂಟೆ ತೋರಿಸಿತು. ಅಷ್ಟು ದೂರದ ಪ್ರಯಾಣಕ್ಕೆ ಅಷ್ಟು ಸಾಕು ಅಂತ ಬರೆದು ಅವನು ಮುಂದಿನ ಸಾಲಿಗೆ ಹೋಗುತ್ತಾನೆ.

ಆ ಹುಡುಗಿ ಹೆಸರು ಬರೆದುಕೊಂಡಳು. ಸ್ಪೆಲ್ಲಿಂಗ್ ಎರಡು ಸಲ ಕೇಳಿದಳು.